ಇನ್ನೂ ಜೀವ ಇದ್ದರೆ

ನಮ್ಮ ಮನೆಯ ಕಂಪ್ಯೂಟರ್‌ಗೆ ಶಟ್‌ಡೌನ್ ಅಂದರೆ ಮರ್ಯಾದೆಯಾಗಿ ಮಲಗುತ್ತದೆ. ರೀಸ್ಟಾರ್ಟ್ ಅಂದರೆ ಮಾತ್ರ ಆಗಿಬರುವುದಿಲ್ಲ. ಕಪ್ಪು ಪರದೆಯ ಮೇಲೆ ‘ರೀಸ್ಟಾರ್ಟಿಂಗ್ ಸಿಸ್ಟಮ್’ ಎಂದು ಬರೆದು, ಫ್ಯಾನ್ ತಿರುಗಿಸುತ್ತಾ ಕೂತುಬಿಡುತ್ತದೆ. ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಪೆಟ್ಟಿಗೆ. ವಿಂಡೋಸ್ ಬದಲು ಲಿನಕ್ಸ್ ಹಾಕಿದವನು ನಾನೇ ಆದ್ದರಿಂದ ಬೈಗುಳವೂ ನನಗೇ.

ಅಪ್ಪನ ಹತ್ತಿರ ಇದಕ್ಕೊಂದು ಮದ್ದಿದೆ. ಗೋಡೆಯ ಸ್ವಿಚ್ ಆಫ್ ಮಾಡಿ, ಹತ್ತು ಎಣಿಸಿ, ಆನ್ ಮಾಡುವುದು. ಹಳೇ ಟಿವಿಗೂ ಅದೇ ಮದ್ದು.

ಒಂದು ಭಾನುವಾರ ಪಟ್ಟು ಹಿಡಿದು, ಲಿನಕ್ಸಿನ ತಿರುಳಾದ ಕರ್ನಲ್‌ನ ರೀಬೂಟ್ (ರೀಸ್ಟಾರ್ಟ್) ಕೋಡ್ ತೆರೆದೆ. ಸುಮ್ನೆ ಒಂದು ಗುಂಡಿ ಒತ್ತುವಷ್ಟು ಕೆಲಸ ಅಂದುಕೊಂಡಿದ್ದೆ. ಅಲ್ಲಿ ನೋಡಿದರೆ ದೊಡ್ಡ ಟಿಪ್ಪಣಿ. ಮೊದಲು ಎಸಿಪಿಐ, ಅಂದರೆ ಯಂತ್ರದ ವಿದ್ಯುತ್ ನೋಡಿಕೊಳ್ಳುವ ವ್ಯವಸ್ಥೆಯ ಮೂಲಕ ಕೇಳಿಕೊಳ್ಳಿ. ಇನ್ನೂ ಜೀವ ಇದ್ದರೆ ಕೀಬೋರ್ಡ್ ಕಂಟ್ರೋಲರ್‌ಗೆ ಹೇಳಿ. ಇನ್ನೂ ಜೀವ ಇದ್ದರೆ ಮತ್ತೆ ಎಸಿಪಿಐ. ಇನ್ನೂ ಜೀವ ಇದ್ದರೆ ಮತ್ತೆ ಕೀಬೋರ್ಡ್. ಹೌದು, ಕಂಪ್ಯೂಟರ್ ರೀಸ್ಟಾರ್ಟ್ ಮಾಡಲು ಕೀಬೋರ್ಡ್ ಚಿಪ್‌ನ ಕೈಕಾಲು ಹಿಡಿಯಬೇಕು! ಈ ಸರದಿಗೆ ಕಾರಣ ಇಷ್ಟೇ: ವಿಂಡೋಸ್ ಹೀಗೆ ಮಾಡುತ್ತದೆ. ಬಯಾಸ್ (ಬೋರ್ಡಿನಲ್ಲೇ ಇದ್ದು ಕಂಪ್ಯೂಟರನ್ನು ಎಬ್ಬಿಸುವ ತಂತ್ರಾಂಶ) ಬರೆದವರು ವಿಂಡೋಸ್ ಒಂದು ಓಡಿತು ಅಂದರೆ ಸಾಕು, ಡಬ್ಬಕ್ಕೆ ಹಾಕಿ ಕಳಿಸುತ್ತಾರೆ.

ಇನ್ನೂ ಮಜಾ ಇದೆ. ಶುರುವಾಗುವಾಗ ಬಯಾಸ್ ‘ನೀನು ಯಾರಪ್ಪ?’ ಎಂದು ಕೇಳಬಹುದು. ‘ವಿಂಡೋಸ್ 7 ಗೊತ್ತಾ?’ ಅಂದರೆ ಲಿನಕ್ಸ್ ಹೌದು ಅನ್ನುತ್ತದೆ. 8? ಹೌದು. 10? ಅದಕ್ಕೂ ಹೌದು. ‘ಲಿನಕ್ಸ್?’ ಅಂದರೆ ಮಾತ್ರ ಇಲ್ಲ! ಈ ‘ಇಲ್ಲ’ 2007ರಲ್ಲಿ ಬಂದ 2.6.23ನೇ ಆವೃತ್ತಿಯಿಂದ. ನಿಜ ಹೇಳಿದರೆ ಬಯಾಸ್ ಯಾರೂ ಪರೀಕ್ಷೆ ಮಾಡದ ದಾರಿ ಹಿಡಿಯುತ್ತದೆ, ಅದಕ್ಕೆ. ಹೊಟ್ಟೆಯುರಿ ತಡೆಯದಿದ್ದಾಗ ಲಾಗ್‌ನಲ್ಲಿ ‘ಫರ್ಮ್‌ವೇರ್ ಬಗ್’ (ಅಂದರೆ ತಪ್ಪು ಬಯಾಸಿನದೇ) ಎಂದು ಒಂದು ಸಾಲು ಗೊಣಗಿ, ಕರ್ನಲ್ ತನ್ನ ಪಾಡಿಗೆ ಕೆಲಸ ನೋಡಿಕೊಳ್ಳುತ್ತದೆ.

ಸರಿ, ನಾನೂ ಒಂದೊಂದೇ ಉಪಾಯ ನೋಡತೊಡಗಿದೆ. ಅಪ್ಪ ಸ್ವಿಚ್ ಪಕ್ಕ ಕುರ್ಚಿ ಹಾಕಿಕೊಂಡು ಕೂತರು.

ಕರ್ನಲ್ ಶುರುವಾಗುವಾಗ ಓದುವ ಸಾಲಿನಲ್ಲಿ ‘ರೀಬೂಟ್=ಬಯಾಸ್’ ಬರೆದೆ. ಫ್ಯಾನ್ ಗುಂಯ್ ಅಂತಿತ್ತು.

‘ಆಯ್ತಾ?’

‘ಇಲ್ಲ ಅಪ್ಪ, ಆಫ್ ಮಾಡಿ.’

‘ರೀಬೂಟ್=ಟ್ರಿಪಲ್’. ಇದು ಪ್ರೊಸೆಸರ್‌ಗೆ ಬೇಕಂತಲೇ ತಪ್ಪಿನ ಮೇಲೆ ತಪ್ಪು, ಅದರ ಮೇಲೆ ಇನ್ನೊಂದು ತಪ್ಪು ಮಾಡಿಸಿ, ತಲೆ ತಿರುಗಿ ಬೀಳಿಸುವ ವಿಧಾನ. ನಮ್ಮದು ಬಿತ್ತು, ಏಳಲಿಲ್ಲ.

‘ಆಫಾ?’

‘ಆಫ್.’

ಕೊನೆಗೆ ‘ರೀಬೂಟ್=ಪಿಸಿಐ’. ಟಪ್ ಅಂತ ಪರದೆ ಆರಿ, ಬೀಪ್ ಅಂತ ಎದ್ದಿತು. ಅಪ್ಪನ ಕೈ ಅಭ್ಯಾಸಬಲದಿಂದ ಸ್ವಿಚ್ ಕಡೆ ಹೋಗಿತ್ತು, ಹಿಡಿದುಕೊಂಡೆ.

ಗೆದ್ದ ಹುರುಪು ಜಾಸ್ತಿಯಾಯಿತು. ಕರ್ನಲ್‌ನಲ್ಲಿ ಇಂಥ ಹಟಮಾರಿಗಳದ್ದೇ ಒಂದು ಪಟ್ಟಿ ಇದೆ. ತಯಾರಕರ ಹೆಸರು, ಮಾಡೆಲ್, ಯಾವುದಕ್ಕೆ ಯಾವ ಉಪಾಯ. ನಮ್ಮದನ್ನೂ ಸೇರಿಸಿದರೆ ಇನ್ನೊಬ್ಬರಿಗೆ ಈ ಪಾಡು ತಪ್ಪುತ್ತದೆ ಅಲ್ವಾ? ಬಯಾಸ್ ಒಳಗೆ ನಮ್ಮ ಪೆಟ್ಟಿಗೆಯ ಹೆಸರೇನಿದೆ ಎಂದು ‘ಡಿಎಂಐಡಿಕೋಡ್’ ಓಡಿಸಿ ನೋಡಿದೆ.

ತಯಾರಕರು: ‘ಟು ಬಿ ಫಿಲ್ಡ್ ಬೈ ಓ.ಇ.ಎಂ.’ ಮಾಡೆಲ್: ಅದೇ. ಸೀರಿಯಲ್ ನಂಬರ್: ಅದೇ. ಹೆಸರು ತುಂಬದೆ ಕಾರ್ಖಾನೆ ದಾಟಿದ ಬೋರ್ಡುಗಳು ಲೋಕದಲ್ಲಿ ಇನ್ನೆಷ್ಟೋ. ಈ ಹೆಸರಿನಲ್ಲಿ ಪಟ್ಟಿಗೆ ಸೇರಿಸಿದರೆ ಅವಕ್ಕೆಲ್ಲ ನಮ್ಮ ಮದ್ದೇ ಕುಡಿಸಿದಂತೆ.

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಅರ್ಜಿ ನೋಡಿದವರು. ಕನ್ನಡಕ ಏರಿಸಿ ಓದಿದರು.

‘ತಯಾರಕರು ಭರ್ತಿ ಮಾಡತಕ್ಕದ್ದು ಅಂತ ಇದೆ ಕಣೋ. ಮಾಡ್ತಾರೆ, ಸ್ವಲ್ಪ ಕಾಯಿ.’