ಹೇರಿದವರ ಹೆಸರಿಗೂ ಚಲನ್ ಬರೆಯಲಿ

ಅದಿರಿನ ಅಬ್ಬರದ ದಿನಗಳಲ್ಲಿ ಹುಬ್ಬಳ್ಳಿ–ಅಂಕೋಲಾ ರಸ್ತೆಯಲ್ಲಿ ಓಡಾಡಿದವರಿಗೆ ಓವರ್‌ಲೋಡ್ ಎಂದರೇನೆಂದು ವಿವರಿಸಬೇಕಾಗಿಲ್ಲ. ಹೊಸಪೇಟೆಯ ಕಡೆಯಿಂದ ಬೇಲೆಕೇರಿ ಬಂದರಿಗೆ ಇಳಿಯುತ್ತಿದ್ದ ಲಾರಿಗಳು ಅರಬೈಲು ಘಟ್ಟದ ಟಾರನ್ನು ಕಿತ್ತು ಕೆಂಪು ಧೂಳನ್ನಷ್ಟೇ ಉಳಿಸಿ ಹೋಗುತ್ತಿದ್ದವು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿಯಲ್ಲಿ ಆ ಅತಿಭಾರದ ಸಾಗಣೆಯೂ ದಾಖಲಾಗಿದೆ. 2011ರಲ್ಲಿ ಬಳ್ಳಾರಿಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆಯೊಡ್ಡಿತು. ಆದರೆ ಹೇರುವ ಚಾಳಿ ಜಲ್ಲಿ, ಎಂ-ಸ್ಯಾಂಡ್ ಟಿಪ್ಪರ್‌ಗಳಲ್ಲಿ ಇಂದಿಗೂ ಉಳಿದಿದೆ.

ದಂಡ ಸಾಲದು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅತಿಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿಯಾದ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಹತ್ತು ಟನ್ ಹೆಚ್ಚು ಹೇರಿದರೆ 40,000 ರೂಪಾಯಿ. ಹೆಚ್ಚುವರಿ ಸರಕನ್ನು ಇಳಿಸದೆ ವಾಹನವನ್ನು ಮುಂದಕ್ಕೆ ಬಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಆದರೆ ಇಳಿಸಿದ ಜಲ್ಲಿಯನ್ನು ರಾತ್ರಿ ಹನ್ನೊಂದಕ್ಕೆ ಹೆದ್ದಾರಿಯ ಬದಿಯಲ್ಲಿ ಎಲ್ಲಿ ಸುರಿಯುವುದು? ಉತ್ತರವಿಲ್ಲದ್ದರಿಂದ ದಂಡದ ರಸೀದಿಯೇ ಮುಂದಿನ ಪ್ರಯಾಣದ ಪರವಾನಗಿಯಾಗಿಬಿಡುತ್ತದೆ. (ರಸೀದಿಯೇ ಇಲ್ಲದೆ ಮುಗಿಯುವ ವ್ಯವಹಾರದ ಮಾತು ಬೇರೆ.)

ರಸ್ತೆಗಾಗುವ ಹಾನಿ ಭಾರದೊಂದಿಗೆ ಸಮನಾಗಿ ಏರುವುದಿಲ್ಲ. ಅದು ಸುಮಾರಾಗಿ ಆಕ್ಸಲ್ (ಚಕ್ರಗಳ ಅಚ್ಚು) ಮೇಲಿನ ಭಾರದ ನಾಲ್ಕನೆಯ ಘಾತದಲ್ಲಿ ಏರುತ್ತದೆ ಎಂಬುದು ಎಂಜಿನಿಯರುಗಳ ಹಳೆಯ ಲೆಕ್ಕ. ಭಾರ ಶೇ 20ರಷ್ಟು ಹೆಚ್ಚಿದರೆ ಹಾನಿ ಇಮ್ಮಡಿ. ಭಾರವೇ ಇಮ್ಮಡಿಯಾದರೆ ಹಾನಿ ಹದಿನಾರು ಪಟ್ಟು. 2018ರಲ್ಲಿ ಕೇಂದ್ರ ಸರ್ಕಾರ ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್‌ನಿಂದ 28.5 ಟನ್‌ಗೆ ಏರಿಸಿತು. ಹಳೆಯ ಹಳ್ಳಿ ರಸ್ತೆಗಳು ಅದಕ್ಕಾಗಿ ಒಂದಂಗುಲವೂ ದಪ್ಪವಾಗಲಿಲ್ಲ.

ನನ್ನ ತಕರಾರು ಇರುವುದು ನಾವು ಯಾರನ್ನು ಹಿಡಿಯುತ್ತೇವೆ ಎಂಬುದರ ಬಗ್ಗೆ. ಲಾರಿಗೆ ಎಷ್ಟು ತುಂಬಬೇಕೆಂದು ಚಾಲಕ ನಿರ್ಧರಿಸುವುದಿಲ್ಲ. ಅವನು ಬೇಡವೆಂದರೆ ಹಿಂದೆ ನಿಂತ ಲಾರಿ ಅದೇ ಲೋಡಿಗೆ ಸಿದ್ಧವಾಗಿರುತ್ತದೆ. ಬಾಡಿಗೆ ಟನ್ ಲೆಕ್ಕದಲ್ಲಿರುವವರೆಗೆ, ಕಂತು ಕಟ್ಟಬೇಕಾದ ಒಂಟಿ ಲಾರಿಯ ಮಾಲೀಕನೂ ಇಲ್ಲವೆನ್ನಲಾರ. ಕಾಯ್ದೆಯ 194ನೆಯ ಕಲಮಿನಲ್ಲಿ ಓಡಿಸಿದವರ ಜೊತೆಗೆ ಓಡಿಸುವಂತೆ ಮಾಡಿದವರು, ಓಡಿಸಲು ಬಿಟ್ಟವರು ಎಂಬ ಮಾತುಗಳೂ ಸ್ಪಷ್ಟವಾಗಿವೆ. ಹೊಸ ಕಾನೂನು ಬೇಕಿಲ್ಲ, ಇರುವ ವಾಕ್ಯವನ್ನು ಕೊನೆಯವರೆಗೆ ಓದಿದರೆ ಸಾಕು.

ಗಣಿ ಇಲಾಖೆಯ ಸಾಗಣೆ ಪರವಾನಗಿಯಲ್ಲಿ ವಾಹನದ ಸಂಖ್ಯೆಯೂ ತೂಕವೂ ಇರುತ್ತವೆ. ಆ ವಾಹನದ ಮಿತಿ ಎಷ್ಟೆಂಬುದು ಸಾರಿಗೆ ಇಲಾಖೆಯ ಕಡತದಲ್ಲಿದೆ. 2018ರ ಏಪ್ರಿಲ್‌ನಲ್ಲಿ ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ದಾಖಲೆ) ತಂದು ದೇಶಕ್ಕೇ ಮೊದಲಿಗನಾದ ಕರ್ನಾಟಕಕ್ಕೆ ಈ ಎರಡು ಕಡತಗಳನ್ನು ಜೋಡಿಸುವುದು ಅಸಾಧ್ಯದ ಕೆಲಸವೇನಲ್ಲ. ಕ್ವಾರಿಯ ಗೇಟಿನ ವೇಬ್ರಿಡ್ಜ್‌ನಲ್ಲಿ ಮಿತಿ ಮೀರಿದ ತೂಕ ಬಂದಾಗ ಪರವಾನಗಿಯೇ ಮುದ್ರಣವಾಗದಿದ್ದರೆ, ಹೆಚ್ಚಿನ ಜಲ್ಲಿಯನ್ನು ಸುರಿಯಲು ಜಾಗ ಹುಡುಕಬೇಕಾಗಿಯೂ ಇಲ್ಲ. ಅದರ ರಾಶಿ ಅಲ್ಲೇ ಪಕ್ಕದಲ್ಲಿರುತ್ತದೆ.