ಆ ಹಕ್ಕಿ ಹಸುವಿನ ಹಾಲು ಕುಡಿಯುವುದಿಲ್ಲ

ಮೂಡಿಗೆರೆ, ಸಕಲೇಶಪುರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫೋಟೊ ಆಗಾಗ ಸುತ್ತುತ್ತದೆ. ಅಗಲ ಬಾಯಿಯ ಈ ಹಕ್ಕಿ ಗೂಬೆಯ ಜಾತಿ, ರಾತ್ರಿ ಕೊಟ್ಟಿಗೆಗೆ ಬಂದು ಹಾಲು ಹೀರುತ್ತದೆ ಎಂಬ ಮಾತೂ ಜೊತೆಗಿರುತ್ತದೆ.

ಅದು ನಿಜವಲ್ಲ. ಈ ಹಕ್ಕಿ ಕೆಚ್ಚಲಿಗೆ ಬಾಯಿ ಹಾಕಿ ಹಾಲು ಕುಡಿಯುವುದಿಲ್ಲ. ಯುರೋಪಿನಲ್ಲೂ ಹಿಂದೆ ನತ್ತಿಂಗ (ನೈಟ್‌ಜಾರ್) ಎಂಬ ಇರುಳು ಹಕ್ಕಿಯ ಬಗ್ಗೆ ಇದೇ ನಂಬಿಕೆ ಇತ್ತು. ಅದರ ಲ್ಯಾಟಿನ್ ಹೆಸರು ಕ್ಯಾಪ್ರಿಮಲ್ಗಸ್, ಅಂದರೆ ಮೇಕೆಯ ಹಾಲು ಕರೆಯುವುದು! ದನಕರುಗಳ ಸುತ್ತ ಹುಳ ಜಾಸ್ತಿ. ಅವನ್ನು ಹಿಡಿಯಲು ಬಂದ ಹಕ್ಕಿಗೆ ಸುಮ್ನೆ ಕೆಟ್ಟ ಹೆಸರು ಬಂತು.

ನಮ್ಮ ಕಾಡಿನಲ್ಲಿ ಜನ ಬೆರೆಸಿಬಿಡುವ ಹಕ್ಕಿಗಳು ಎರಡು: ನತ್ತಿಂಗ ಮತ್ತು ಕಪ್ಪೆಬಾಯಿ (ಫ್ರಾಗ್‌ಮೌತ್). ನತ್ತಿಂಗ ನೆಲದ ಹಕ್ಕಿ. ಗೂಡು ಕಟ್ಟದೆ ತರಗೆಲೆಗಳ ನಡುವೆಯೇ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ರಾತ್ರಿ ದಾರಿಯಲ್ಲಿ ಕೂತಿದ್ದರೆ ಜೀಪಿನ ಬೆಳಕಿಗೆ ಕಣ್ಣು ಕೆಂಡದಂತೆ ಹೊಳೆಯುತ್ತದೆ. ಕೊಕ್ಕು ಚಿಕ್ಕದು, ತೆರೆದರೆ ಬಾಯಿ ದೊಡ್ಡದು. ಹಾರುತ್ತಲೇ ಹುಳ ಹಿಡಿಯುತ್ತದೆ.

ಕಪ್ಪೆಬಾಯಿ ಹಕ್ಕಿ ಮರದ್ದು. ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾದಲ್ಲಿ ಮಾತ್ರ ಇರುವ ಇದು ಸುಮಾರು 23 ಸೆಂ.ಮೀ. ಉದ್ದ. ಹಗಲಿಡೀ ಜೋಡಿಯಾಗಿ, ಒಣ ಎಲೆಯಂತೆ ಕೊಂಬೆ ಮೇಲೆ ಕೂತಿರುತ್ತದೆ. ಪುಟ್ಟ ಗೂಡಿನಲ್ಲಿ ಒಂದೇ ಬಿಳಿ ಮೊಟ್ಟೆ. ಹಗಲು ಕಾವು ಕೊಡುವವನು ಗಂಡು, ಎಷ್ಟು ಚೆಂದ ಅಲ್ವಾ? ಕಣ್ಣು ಮುಂದಕ್ಕಿರುವುದರಿಂದ ಗೂಬೆಯಂತೆ ಕಾಣುತ್ತದೆ, ನಿಜ. ಆದರೆ ಕಾಲು ನೋಡಿ: ಗೂಬೆಯ ಬಲವಾದ ಉಗುರು ಇದಕ್ಕಿಲ್ಲ.

ಫೋಟೊ ಬಂದರೆ ಗೂಗಲ್ ಲೆನ್ಸ್‌ನಲ್ಲಿ ಹಾಕಿ ಮೂಲ ಹುಡುಕಿ. ಆಸ್ಟ್ರೇಲಿಯಾದ ದೊಡ್ಡ ಕಪ್ಪೆಬಾಯಿಯ ಚಿತ್ರವೂ ಆಗಿರಬಹುದು. ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಈಬರ್ಡ್ ಜಾಲತಾಣದಲ್ಲಿ ಆ ಹಕ್ಕಿ ಎಲ್ಲೆಲ್ಲಿ ಕಂಡಿದೆ ಎಂಬ ನಕ್ಷೆ ಇದೆ, ಕೂಗೂ ಕೇಳಬಹುದು. ಹಾಲು ಕಡಿಮೆಯಾದರೆ ಪಶುವೈದ್ಯರಿಗೆ ಹಸುವನ್ನು ತೋರಿಸಿ. ಕೆಚ್ಚಲು ಬಾವು ಇದ್ದರೂ ಹಾಲು ಇಳಿಯುತ್ತದೆ.