ಅರ್ಧ ಬೀಡಿ ಹೊತ್ತಿನ ಲಿಫ್ಟು

ನಮ್ಮ ಟ್ರ್ಯಾಕ್ಟರಿಗೆ ಪಂಚಾಂಗ ಓದಲು ಬರುತ್ತದೆ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇದೆ. ಬೇಸಿಗೆಯಿಡೀ ಕೆರೆಮಣ್ಣು ಹೊತ್ತಿತು, ತಿಪ್ಪೆಗೊಬ್ಬರ ಹೊತ್ತಿತು, ಓಣಿಯವರ ಮದುವೆಯ ಪಾತ್ರೆ-ಪಗಡ ಹೊತ್ತಿತು. ಒಂದು ದಿನವೂ ಕೆಮ್ಮಲಿಲ್ಲ. ಮೃಗಶಿರ ಮಳೆ ಬಿದ್ದು, ಹೊಲ ಹದಕ್ಕೆ ಬಂದು, ಗೋವಿನಜೋಳದ ಬೀಜದ ಚೀಲ ಪಡಸಾಲೆಗೆ ಬಂದು ಕೂತ ಮೇಲೆ, ಹಿಂದೆ ಕಟ್ಟಿದ ಉಳುವ ಕಲ್ಟಿವೇಟರನ್ನು ಎತ್ತಿ ಇಳಿಸುವ ಲಿಫ್ಟು ಕೈಕೊಟ್ಟಿತು.

ಬೆಳಿಗ್ಗೆ ಎತ್ತುತ್ತಿತ್ತು, ಸುಳ್ಳು ಹೇಳಬಾರದು. ಬಿಸಿಲೇರಿ ಎಣ್ಣೆ ಕಾದಂತೆಲ್ಲ ಕಲ್ಟಿವೇಟರ್ ಮೊಣಕಾಲೆತ್ತರಕ್ಕೆ ಬಂದು ಸುಸ್ತಾಗಿ ನಿಲ್ಲುತ್ತಿತ್ತು. ನಿಂತಲ್ಲೂ ನೆಟ್ಟಗೆ ನಿಲ್ಲದೆ ತುಸು ಇಳಿಯುವುದು, ಗಕ್ಕನೆ ಏರುವುದು, ಮತ್ತೆ ಇಳಿಯುವುದು. ಎಂಜಿನ್ ಬಂದ್ ಮಾಡಿದರೆ ಸದ್ದಿಲ್ಲದೆ ನೆಲಕ್ಕೆ ಬಂದು ಕೂರುತ್ತಿತ್ತು.

ಹೊಲದಲ್ಲಿ ಕೆಟ್ಟು ನಿಂತ ಟ್ರ್ಯಾಕ್ಟರನ್ನು ಕಂಡರೆ ರಸ್ತೆಯಲ್ಲಿ ಹೋಗುವವರಿಗೆಲ್ಲ ಎಲ್ಲಿಲ್ಲದ ಪುರುಸೊತ್ತು. ಬೈಕಿನಿಂದ ಇಳಿಯುವುದಿಲ್ಲ, ಒಂದು ಕಾಲನ್ನು ಬದುವಿಗೆ ಊರಿ ಅಲ್ಲಿಂದಲೇ ತೀರ್ಪು. "ಪಂಪ್ ಹೋಗೇತಿ." "ಪಂಪಲ್ಲ, ಓ-ರಿಂಗ್." "ಎಣ್ಣಿ ಕಮ್ಮಿ ಆಗಿರ್ಬೇಕ್ ನೋಡು." "ಇದನ್ನ ಮಾರಿ ಹೊಸಾದು ತಗೊ ಮಾರಾಯ" ಎಂದವನಿಗೆ ಸ್ವಂತ ಟ್ರ್ಯಾಕ್ಟರ್ ಇರಲಿಲ್ಲ.

ಮಿಸ್ತ್ರಿಗೆ ಫೋನ್ ಮಾಡಿದೆ. "ದಾರ್ಯಾಗ ಅದೀನ್ರಿ" ಅಂದ. ಯಾವ ದಾರಿ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಬಾಯಿಮಾತಿನ ಮೇಲೆ ಟ್ರ್ಯಾಕ್ಟರಿನ ವ್ಯವಹಾರ ನಡೆಸಿ ಕೆಟ್ಟವರಲ್ಲಿ ನಾನೇ ಮೊದಲಿಗನೂ ಅಲ್ಲ. ಈ ಮೂರು ಕೊಂಡಿಯ ಹೈಡ್ರಾಲಿಕ್ ಲಿಫ್ಟನ್ನು ಟ್ರ್ಯಾಕ್ಟರಿನ ಬೆನ್ನಿಗೆ ಕೂಡಿಸಿ ಗೆದ್ದ ಹ್ಯಾರಿ ಫರ್ಗ್ಯುಸನ್, 1938ರಲ್ಲಿ ಹೆನ್ರಿ ಫೋರ್ಡ್ ಜೊತೆ ಬರೀ ಕೈಕುಲುಕಿ ಒಪ್ಪಂದ ಮಾಡಿಕೊಂಡಿದ್ದ. ಕಾಗದವಿಲ್ಲ, ಪತ್ರವಿಲ್ಲ. ಆಮೇಲೆ ಸಂಬಂಧ ಕೆಟ್ಟು ಕೋರ್ಟು ಹತ್ತಿ, 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಅದೇ ಪುಣ್ಯಾತ್ಮ 1909ರಲ್ಲಿ ತಾನೇ ಕಟ್ಟಿದ ವಿಮಾನವನ್ನು ಹಾರಿಸಿ, ಐರ್ಲೆಂಡಿನಲ್ಲಿ ಮೊದಲು ಹಾರಿದವನು ಎನಿಸಿಕೊಂಡಿದ್ದ. ಆತ ವಿಮಾನ ಎತ್ತಿದ. ನನಗೆ ಕಲ್ಟಿವೇಟರ್ ಎದ್ದರೆ ಸಾಕಾಗಿತ್ತು.

ಮಿಸ್ತ್ರಿ ಮರುದಿನ ಬಂದ. ಆತನ ವಿದ್ಯೆಯ ಬಗ್ಗೆ ನನ್ನ ತಕರಾರಿಲ್ಲ. "ತಂಪಿದ್ದಾಗ ಎತ್ತಿ, ಕಾದ ಮ್ಯಾಲೆ ಸೋತ್ರ ಒಳಗ ಎಲ್ಲೋ ಸೋರಾಕತ್ತೈತ್ರಿ. ತಂಪಿನ್ಯಾಗೂ ಎತ್ತಲಿಲ್ಲಂದ್ರ ಎಣ್ಣಿ ಎಳಿಯೋ ಕಡೆ ಫಿಲ್ಟರ್ ಕಟ್ಟಿರತೈತಿ" ಎಂದು ಸೀಟಿನ ಮೇಲೆ ಕೈಯಿಡುವ ಮೊದಲೇ ಹೇಳಿದ. ನನ್ನ ತಕರಾರು ಆತನ ಅಳತೆಯ ಮೇಲೆ. ಆತ ಗಡಿಯಾರ ಕಟ್ಟುವುದಿಲ್ಲ. ಎಲ್ಲವನ್ನೂ ಬೀಡಿಯಲ್ಲಿ ಅಳೆಯುತ್ತಾನೆ. ಎಣ್ಣೆ ಬಸಿಯಲು ಎರಡು ಬೀಡಿ. ಬಿಡಿಭಾಗದ ಅಂಗಡಿಗೆ ಹೋಗಿಬರಲು ನಾಲ್ಕು ಬೀಡಿ, ಅಂಗಡಿಯವನು ಊಟಕ್ಕೆ ಹೋಗಿದ್ದರೆ ಆರು. ಕ್ಲಚ್ ಪ್ಲೇಟ್ ಬದಲಿಸುವುದಾದರೆ ಒಂದು ಕಟ್ಟು, ಜೊತೆಗೊಂದು ಬೆಂಕಿಪೆಟ್ಟಿಗೆ. ಎರಡೂ ನನ್ನ ಖರ್ಚು.

"ಒಂದು ಬೀಡಿ ಮುಗಿಯೂತನ ಭಾರ ಹೊತ್ತು ನಿಂತ್ರ ಲಿಫ್ಟ್ ಚಲೋ ಐತಿ ಅಂತ ಲೆಕ್ಕ. ಭಾರ ಏನರ ಐತೇನ್ರಿ?" ಎಂದು ಸುತ್ತ ನೋಡಿದ. ಆತನ ಕಣ್ಣು ನಮ್ಮ ಸೋದರಮಾವನ ಮೇಲೆ ನಿಂತಿತು.

ಮಾವ ಕ್ವಿಂಟಲಿಗೆ ಹತ್ತಿರದ ಆಸಾಮಿ. ಕರೆದಿದ್ದೇ ತಡ, ಧೋತರ ಎತ್ತಿ ಕಟ್ಟಿ ಕಲ್ಟಿವೇಟರ್ ಏರಿ ಕೂತರು. "ಕೆಳಗ ಯಾರೂ ಕಾಲು ಚಾಚಬ್ಯಾಡ್ರಿ" ಎಂದು ಮಿಸ್ತ್ರಿ ಮಾವನನ್ನು ಮೇಲೆತ್ತಿ, ಎಂಜಿನ್ ಬಂದ್ ಮಾಡಿ, ಡೀಸೆಲ್ ಕ್ಯಾನಿನ ಪಕ್ಕದಲ್ಲೇ ಬೀಡಿ ಹಚ್ಚಿದ. ಅಷ್ಟು ಎತ್ತರದಲ್ಲಿ ಸುಮ್ಮನೆ ಕೂರುವುದು ಮಾವನ ಜಾಯಮಾನವಲ್ಲ. ಪಕ್ಕದ ಹೊಲದವನು ಬದು ಒತ್ತಿದ ಕತೆ ತೆಗೆದರು. ಸರ್ವೆಯವನು ಬರುವಷ್ಟರಲ್ಲಿ ಮಾವ ಒಂದು ಗೇಣು ಇಳಿದಿದ್ದರು. ತಹಶೀಲ್ದಾರರಿಗೆ ಅರ್ಜಿ ಕೊಡುವ ಹೊತ್ತಿಗೆ ಮೊಣಕಾಲು ಮಡಚಿಕೊಂಡಿತ್ತು. ವಕೀಲನ ಮನೆ ಬಾಗಿಲು ತಟ್ಟುವಾಗ ಧೋತರದ ಅಂಚು ಕೆಸರಲ್ಲಿತ್ತು. ಮಾವನಿಗೆ ಇದಾವುದರ ಪರಿವೆಯೂ ಇಲ್ಲ.

"ಅರ್ಧ ಬೀಡಿ" ಎಂದು ಘೋಷಿಸಲು ಮಿಸ್ತ್ರಿ ಬಾಯಿ ತೆರೆದ. ಬೀಡಿ ನೋಡಿಕೊಂಡ. ಕತೆ ಕೇಳುತ್ತ ದಮ್ಮು ಎಳೆಯುವುದನ್ನೇ ಮರೆತಿದ್ದ, ಬೀಡಿ ಯಾವಾಗಲೋ ಆರಿತ್ತು. "ಲೆಕ್ಕ ತಪ್ಪಿತ್ರಿ. ಇನ್ನೊಮ್ಮೆ ಎತ್ತೂಣು." ಮಾವ ಮತ್ತೆ ಮೇಲೇರಿದರು. ಕತೆ ಮತ್ತೆ ಬದುವಿನಿಂದ ಶುರುವಾಯಿತು. ನನ್ನ ಹೊಲದ ಹದ ಅಲ್ಲಿ ಬಿಸಿಲಿಗೆ ಆರುತ್ತಿತ್ತು.

ಎಣ್ಣೆ ಬಸಿದರೆ ಹಾಲು ಹಾಕಿದ ಚಹಾ ಇಳಿಯಿತು. ಒಳಗೆ ನೀರು ಸೇರಿತ್ತು. ಇಂಥ ಹಳೆಯ ಗಾಡಿಗಳಲ್ಲಿ ಗೇರ್ ಬಾಕ್ಸಿಗೂ ಲಿಫ್ಟಿಗೂ ಒಂದೇ ಎಣ್ಣೆ. ಗೇರಿನ ಕಡೆ ತಪ್ಪಾದರೂ ಶಿಕ್ಷೆ ಲಿಫ್ಟಿಗೆ. ಗೇರ್ ಲಿವರಿನ ಬುಡದ ರಬ್ಬರು ಹರಿದು, ಅಲ್ಲಿಂದ ಮಳೆನೀರು ಇಳಿದಿತ್ತು. ಶೆಡ್ಡಿನೊಳಗೆ ಇರಬೇಕಾದ ಟ್ರ್ಯಾಕ್ಟರಿಗೆ ಮಳೆ ಹೇಗೆ ಸಿಕ್ಕಿತು? ಅಡ್ಡಮಳೆಯ ವಾರ ನನ್ನ ತಮ್ಮ ಬೆಂಗಳೂರಿನಿಂದ ಬಂದಿದ್ದ. ಶೆಡ್ಡಿನಲ್ಲಿ ಅವನ ಕಾರು ನಿಂತಿತ್ತು, ಬಣ್ಣ ಮಾಸುತ್ತದಂತೆ. ಟ್ರ್ಯಾಕ್ಟರು ಬೇವಿನ ಮರದ ಕೆಳಗೆ ನಿಂತಿತ್ತು. ಸವೆದ ಓ-ರಿಂಗ್, ಅಂದರೆ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ, ಚಿಲ್ಲರೆ ಕಾಸಿನದು. ತುಂಬಬೇಕಾದ ಎಣ್ಣೆ ಕ್ಯಾನುಗಟ್ಟಲೆ.

"ಎರಡನೇ ಗೇರೂ ಬಿಟ್ಕೊಳ್ತೈತಲ್ರಿ" ಎಂದ ಮಿಸ್ತ್ರಿ, ಲಿವರಿಗೆ ಕಟ್ಟಿದ ಸೈಕಲ್ ಟ್ಯೂಬ್ ನೋಡಿ. ಹೌದು, ಹಳ್ಳದ ಇಳಿಜಾರಿನಲ್ಲಿ ಗೇರು ತಾನಾಗಿ ನ್ಯೂಟ್ರಲ್‌ಗೆ ಬಂದುಬಿಡುತ್ತದೆ. ಅಪ್ಪ ಇದ್ದಾಗ ಮೊಣಕಾಲಿನಿಂದ ಒತ್ತಿ ಹಿಡಿಯುತ್ತಿದ್ದರು, ಟ್ಯೂಬ್ ಬಂದದ್ದು ನನ್ನ ಕಾಲದಲ್ಲಿ. ಲಿವರಿನ ಗುಂಡಿಯ ಮೇಲಿದ್ದ ಅಂಕಿಗಳು ಅಪ್ಪನ ಅಂಗೈಗೆ ಸವೆದೇ ಹೋಗಿವೆ. ಎರಡನೇ ಗೇರಿನ ಜಾಗದಲ್ಲಿ ಮಾತ್ರ ಒಂದು ಕೆಂಪು ಚುಕ್ಕೆ ಇದೆ. ಎತ್ತುಗಳನ್ನು ಮಾರಿದ ವರ್ಷ, ಕೋಡಿಗೆ ಹಚ್ಚಿ ಉಳಿದ ಬಣ್ಣದಲ್ಲಿ ಅಪ್ಪ ಇಟ್ಟದ್ದು. ಮಿಸ್ತ್ರಿ ಎಣ್ಣೆಗೈಯಿಂದ ಅದನ್ನು ಒರೆಸಲು ಹೋದ. ಬ್ಯಾಡ ಅಂದೆ.

"ಸ್ಪ್ರಿಂಗು, ಗುಂಡು ಬದಲಿ ಮಾಡೇನ್ರಿ. ಗೇರಿನ ಹಲ್ಲs ಸವೆದಿದ್ರ ಗಾಡಿ ಎರಡು ತುಂಡು ಮಾಡಬೇಕಾಕೈತಿ."

"ಎಷ್ಟು ಹೊತ್ತು ಹಿಡೀತೈತಿ?"

ಆತ ಕಟ್ಟು ತೆಗೆದು ಎಣಿಸತೊಡಗಿದ. ದೀಪಾವಳಿ ಆಗಲಿ ಅಂದೆ.

ಸಂಜೆಗೆ ಲಿಫ್ಟು ಎದ್ದಿತು. ಮಾವ ಮತ್ತೆ ಏರಿದರು. ಒಂದು ಬೀಡಿ ಮುಗಿಯಿತು, ಕಲ್ಟಿವೇಟರ್ ಅಲುಗಲಿಲ್ಲ. ಮಿಸ್ತ್ರಿ ಖುಷಿಗೆ ಎರಡನೆಯದು ಹಚ್ಚಿದ. "ಇಳಸೋ ಮಾರಾಯ" ಎಂದು ಮಾವ ಕೂಗುವಾಗ ಅವರ ಕೇಸು ಧಾರವಾಡದ ಹೈಕೋರ್ಟ್ ಪೀಠದಲ್ಲಿತ್ತು.

ಅಷ್ಟರಲ್ಲಿ ತಮ್ಮನ ಫೋನು. "ಅಣ್ಣಾ, ಕಾರಹುಣ್ಣಿಮಿಗೆ ಬರಾಕತ್ತೀವಿ. ಶೆಡ್ ಖಾಲಿ ಐತಿಲ್ಲ?"

ಟ್ರ್ಯಾಕ್ಟರನ್ನು ಶೆಡ್ಡಿನೊಳಗೆ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, "ಐತಿ, ಬಾ" ಅಂದೆ.